ದೀಪ ಉರಿಯುತ್ತಿದೆ, ಕಾಗದ ಬರುತ್ತಿಲ್ಲ: ಹಳೆಯ ಪ್ರಿಂಟರ್, ಹೊಸ ರೂಟರ್

ಹಳೆಯ ರೂಟರ್ ತೆಗೆದು ಹೊಸದನ್ನು ಹಾಕಿದ ದಿನ ನಾನೊಂದು ಜಾಣತನ ಮಾಡಿದ್ದೆ. ಹೊಸದಕ್ಕೂ ಹಳೆಯದರ ಹೆಸರನ್ನೇ, ಹಳೆಯದರ ಪಾಸ್‌ವರ್ಡನ್ನೇ ಕೊಟ್ಟೆ. ಹೀಗೆ ಮಾಡಿದರೆ ಮನೆಯ ಮೊಬೈಲ್, ಲ್ಯಾಪ್‌ಟಾಪ್, ಟಿವಿ ಯಾವುದಕ್ಕೂ ರೂಟರ್ ಬದಲಾದದ್ದು ಗೊತ್ತಾಗುವುದಿಲ್ಲ. ಒಂದೊಂದರ ಮುಂದೆಯೂ ಕುಳಿತು ಪಾಸ್‌ವರ್ಡ್ ಒತ್ತುವ ಕೆಲಸ ತಪ್ಪುತ್ತದೆ. ಹಾಗೆಯೇ ಆಯಿತು. ಹತ್ತು ನಿಮಿಷದಲ್ಲಿ ಎಲ್ಲವೂ ತಾವಾಗಿಯೇ ಬಂದು ಸೇರಿಕೊಂಡವು, ಮೂಲೆಯಲ್ಲಿದ್ದ ಪ್ರಿಂಟರ್ ಒಂದನ್ನು ಬಿಟ್ಟು. ಅದರ ನೆತ್ತಿಯ ನೀಲಿ ದೀಪ ಮಿಣುಕುತ್ತಲೇ ಇತ್ತು. ಮಿಣುಕಿದರೆ ಹುಡುಕುತ್ತಿದೆ ಎಂದರ್ಥ, ನಿಂತು ಉರಿದರೆ ಸಿಕ್ಕಿದೆ ಎಂದರ್ಥ.

ಅದು ಎಂಟು ವರ್ಷದ ಯಂತ್ರ. ಶಾಯಿ ಸರಿಯಾಗಿದೆ, ಕಾಗದ ಸಿಕ್ಕಿಕೊಳ್ಳುವುದಿಲ್ಲ, ಸ್ಕ್ಯಾನರ್ ಚೆನ್ನಾಗಿದೆ. ವೈಫೈ ಸಿಗಲಿಲ್ಲವೆಂದು ಮೂಲೆಗೆ ಎಸೆಯುವಂಥದ್ದಲ್ಲ. ಎರಡು ದಿನ ಅದರ ಹಿಂದೆ ಬಿದ್ದೆ. ದೋಷ ಒಂದಲ್ಲ, ಎರಡು ಇದ್ದವು, ಅದೂ ಒಂದರ ಬೆನ್ನಿಗೆ ಇನ್ನೊಂದು ಅಡಗಿ. ಮೊದಲನೆಯದನ್ನು ಸರಿಪಡಿಸಿದರೂ ಕಾಗದ ಬರಲಿಲ್ಲವಾದ್ದರಿಂದ, ಸರಿಪಡಿಸಿದ್ದೇ ತಪ್ಪೇನೋ ಎಂದು ಮತ್ತೆ ಅದನ್ನೇ ಕೆದಕುತ್ತ ಕುಳಿತೆ. ಇದೇ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಉಪಯೋಗವಾಗಬಹುದೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ, ದಾರಿ ತಪ್ಪಿದ ಕಡೆಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಶನಿವಾರ ಸಂಜೆ

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಎರಡನ್ನೂ ಆಫ್ ಮಾಡಿ, ರೂಟರ್ ಪೂರ್ತಿ ಎದ್ದ ಮೇಲೆ ಪ್ರಿಂಟರ್ ಆನ್ ಮಾಡಿದೆ. ದೀಪ ಮಿಣುಕುತ್ತಲೇ ಇತ್ತು.

ಎರಡನೆಯದಾಗಿ ಪಾಸ್‌ವರ್ಡ್ ಹೊಸದಾಗಿ ಕೊಟ್ಟೆ. ಹೇಳಲು ಒಂದು ವಾಕ್ಯ, ಮಾಡಲು ಕಾಲು ಗಂಟೆ. ಈ ಪ್ರಿಂಟರ್‌ಗೆ ಇರುವುದು ಎರಡು ಸಾಲಿನ ಪುಟ್ಟ ಪರದೆ, ಮೇಲೆ ಕೆಳಗೆ ಹೋಗುವ ಎರಡು ಬಾಣದ ಗುಂಡಿ, ಒಂದು ಓಕೆ ಗುಂಡಿ. ಮೇಲಿನ ಬಾಣ ಒತ್ತುತ್ತ ಹೋದಂತೆ ಇಂಗ್ಲಿಷಿನ ಚಿಕ್ಕ ಅಕ್ಷರಗಳು, ಆಮೇಲೆ ದೊಡ್ಡ ಅಕ್ಷರಗಳು, ಆಮೇಲೆ ಅಂಕಿಗಳು, ಕೊನೆಗೆ ಚಿಹ್ನೆಗಳು ಮೆರವಣಿಗೆ ಹೊರಡುತ್ತವೆ. ಒತ್ತಿ ಹಿಡಿದರೆ ಓಡುತ್ತದೆ, ಬಿಟ್ಟರೆ ಬೇಕಾದ ಅಕ್ಷರ ದಾಟಿ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ನನ್ನ ಪಾಸ್‌ವರ್ಡ್ ಹದಿನಾರು ಅಕ್ಷರದ್ದು. ಅದರಲ್ಲೊಂದು ಚಿಕ್ಕ ಎಲ್ ಇದೆ. ಈ ಪರದೆಯಲ್ಲಿ ಅದಕ್ಕೂ ದೊಡ್ಡ ಐಗೂ ಅಂಕಿ ಒಂದಕ್ಕೂ ಕೂದಲೆಳೆಯ ವ್ಯತ್ಯಾಸ. ಹದಿನಾರನ್ನೂ ಮುಗಿಸಿ ಓಕೆ ಒತ್ತಿದರೆ ಅರ್ಧ ನಿಮಿಷ ಯೋಚಿಸಿ ‘ಸಂಪರ್ಕ ವಿಫಲ’ ಎಂದಿತು. ಏಕೆ ವಿಫಲ ಎಂದು ಹೇಳಲಿಲ್ಲ. ಎಲ್ಲೋ ಕೈ ತಪ್ಪಿರಬೇಕೆಂದು ಮತ್ತೆರಡು ಬಾರಿ ಒತ್ತಿದೆ. ಮೂರು ಸಲವೂ ಅದೇ ಉತ್ತರ ಬಂದ ಮೇಲೆ ತಪ್ಪು ಬೆರಳಿನದಲ್ಲ ಎಂದು ಒಪ್ಪಿಕೊಂಡೆ.

ಮೂರನೆಯದು ಡಬ್ಲ್ಯೂಪಿಎಸ್ ಗುಂಡಿ. ರೂಟರಿನ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನದನ್ನೂ ಒತ್ತಿದರೆ ಪಾಸ್‌ವರ್ಡ್ ಒತ್ತುವ ಗೋಜಿಲ್ಲದೆ ಎರಡೂ ಪರಸ್ಪರ ಪರಿಚಯ ಮಾಡಿಕೊಳ್ಳಬೇಕು. ಒತ್ತಿದೆ. ರೂಟರಿನಲ್ಲಿ ಆ ಹೆಸರಿನ ದೀಪ ಹತ್ತಲೇ ಇಲ್ಲ. ಗುಂಡಿ ಕೆಟ್ಟಿರಬೇಕು ಎಂದುಕೊಂಡೆ. ನಿನ್ನೆ ಪೆಟ್ಟಿಗೆಯಿಂದ ತೆಗೆದ ರೂಟರಿನ ಗುಂಡಿ ಇವತ್ತು ಏಕೆ ಕೆಡುತ್ತದೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಮೊದಲ ದೋಷ ಆ ಸಂಜೆಯೇ ಸಿಗುತ್ತಿತ್ತು. ಅದರ ವಿಷಯ ಮುಂದೆ ಬರುತ್ತದೆ.

ಆಗಲೇ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಕೇಬಲ್ ಹಾಕಿ ಮುದ್ರಿಸಿಕೊಂಡರೆ ಆಗುವುದಿಲ್ಲವೇ? ಅರ್ಜಿ ಸೋಮವಾರ ಕೊಡಬೇಕು” ಎಂದಳು. ಆಗುತ್ತದೆ. ಯುಎಸ್‌ಬಿ ಕೇಬಲ್ ಹಾಕಿದೆ, ಅರ್ಜಿ ಸರಾಗವಾಗಿ ಬಂತು. ಅವಳ ಕೆಲಸ ಮುಗಿಯಿತು, ನನ್ನದು ಮುಗಿಯಲಿಲ್ಲ. ಆದರೂ ಒಂದು ಲಾಭವಾಯಿತು: ಮುದ್ರಿಸುವ ಭಾಗಕ್ಕೂ, ಪ್ರಿಂಟರನ್ನು ನಡೆಸಲು ಕಂಪ್ಯೂಟರಿನಲ್ಲಿರುವ ಡ್ರೈವರ್ ತಂತ್ರಾಂಶಕ್ಕೂ ರೋಗವಿಲ್ಲ ಎಂದು ಖಚಿತವಾಯಿತು. (ಇದನ್ನು ನಾನೇ ಮರುದಿನ ಮರೆತೆ.)

ಯಾರೂ ಓದದ ಹಾಳೆ

ಪ್ರಿಂಟರ್‌ಗಳಲ್ಲಿ ನೆಟ್‌ವರ್ಕ್ ವರದಿ ಎಂಬ ಒಂದು ಹಾಳೆ ಮುದ್ರಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಕೆಲವದರಲ್ಲಿ ಮೆನುವಿನಲ್ಲಿ ಸಿಗುತ್ತದೆ, ಪರದೆ ಇಲ್ಲದವುಗಳಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿಯಬೇಕಾಗುತ್ತದೆ. ಸಣ್ಣ ಅಕ್ಷರದ ಒಣ ಹಾಳೆ, ನೋಡಿದರೆ ಓದಬೇಕೆನಿಸುವುದಿಲ್ಲ. ಆದರೆ ಇಡೀ ಮನೆಯಲ್ಲಿ ಸುಳ್ಳು ಹೇಳದ ಸಾಕ್ಷಿ ಅದೊಂದೇ. ಕಂಪ್ಯೂಟರ್ ತನಗೆ ಕಂಡದ್ದನ್ನು ಹೇಳುತ್ತದೆ, ರೂಟರ್ ತನಗೆ ಕಂಡದ್ದನ್ನು; ಪ್ರಿಂಟರಿನ ಒಳಗೆ ಏನು ನಡೆಯುತ್ತಿದೆ ಎಂದು ಪ್ರಿಂಟರೇ ಹೇಳಬೇಕು. ಅದರಲ್ಲಿದ್ದುದನ್ನು ಕನ್ನಡಕ್ಕೆ ತಂದರೆ ಹೀಗೆ:

ವೈಫೈ ರೇಡಿಯೋ: ಆನ್. ಸರಿ.
ನೆಟ್‌ವರ್ಕ್ ಹೆಸರು ಕಂಡಿತೇ: ಹೌದು. ಸರಿ.
ಚಾನೆಲ್: 6. ಸಿಗ್ನಲ್: ಉತ್ತಮ.
ಭದ್ರತೆ ಹೊಂದಾಣಿಕೆ: ವಿಫಲ.
ಉಳಿದ ಪರೀಕ್ಷೆಗಳು: ನಡೆಸಿಲ್ಲ.

ಇಷ್ಟರಲ್ಲೇ ಅರ್ಧ ಊಹೆಗಳು ಉದುರಿಹೋದವು. ಇಂಥ ಹಳೆಯ ಪ್ರಿಂಟರ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಅಲೆಗಳನ್ನಷ್ಟೇ ಬಲ್ಲವು. 5 ಗಿಗಾಹರ್ಟ್ಸ್ ಅವುಗಳ ಪಾಲಿಗೆ ಇಲ್ಲವೇ ಇಲ್ಲ. ರೂಟರ್ 5ರಲ್ಲಿ ಮಾತ್ರ ಹೆಸರು ಬಿತ್ತರಿಸುತ್ತಿದ್ದರೆ ಇದಕ್ಕೆ ಹೆಸರೇ ಕಾಣುತ್ತಿರಲಿಲ್ಲ. ಹಾಗೆಯೇ ಕೆಲವು ದೇಶಗಳಿಗೆಂದು ತಯಾರಾದ ಯಂತ್ರಗಳು 11ನೆಯ ಚಾನೆಲ್‌ವರೆಗೆ ಮಾತ್ರ ಕೇಳಿಸಿಕೊಳ್ಳುತ್ತವೆ. ರೂಟರ್ ತಾನಾಗಿ 12 ಅಥವಾ 13ಕ್ಕೆ ಹೋಗಿ ಕುಳಿತರೆ ಪ್ರಿಂಟರ್‌ಗೆ ಅದು ಮಾಯ. ಇಲ್ಲಿ ಚಾನೆಲ್ 6, ಹೆಸರೂ ಕಂಡಿದೆ, ಸಿಗ್ನಲ್ಲೂ ಇದೆ. ಪ್ರಿಂಟರನ್ನು ಹೊತ್ತು ರೂಟರಿನ ಪಕ್ಕಕ್ಕೆ ತಂದಿಡುವ ಉದ್ದೇಶವಿತ್ತು. ವರದಿ ಓದಿ ನನ್ನ ಸೊಂಟ ಉಳಿಯಿತು.

ಮಲಗುವ ಮುನ್ನ ಇನ್ನೊಂದು ಪರೀಕ್ಷೆ. ಮೊಬೈಲಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಅದನ್ನು 2.4 ಗಿಗಾಹರ್ಟ್ಸ್‌ಗೆ ಇಟ್ಟು, ಬಾಣದ ಗುಂಡಿಗಳ ನೆನಪಾಗಿ 12345678 ಎಂಬ ನಾಚಿಕೆಗೇಡಿನ ಪಾಸ್‌ವರ್ಡ್ ಕೊಟ್ಟೆ (ಎಂಟಕ್ಕಿಂತ ಕಡಿಮೆ ಅಕ್ಷರ ಒಪ್ಪುವುದಿಲ್ಲ). ಹತ್ತು ಸೆಕೆಂಡಿನಲ್ಲಿ ನೀಲಿ ದೀಪ ನಿಂತು ಉರಿಯಿತು. ಪ್ರಿಂಟರಿನ ವೈಫೈಗೆ ಏನೂ ಆಗಿಲ್ಲ, ತಪ್ಪು ರೂಟರಿನ ಕಡೆ ಎಂದು ತೀರ್ಮಾನಿಸಿ ಹಾಟ್‌ಸ್ಪಾಟ್ ಆರಿಸಿ ಮಲಗಿದೆ. ಆ ತೀರ್ಮಾನ ಅರ್ಧ ಸರಿ. ಹಾಟ್‌ಸ್ಪಾಟ್‌ನಲ್ಲಿ ಒಂದು ಪುಟ ಮುದ್ರಿಸಿ ನೋಡಿದ್ದರೆ ಇನ್ನರ್ಧವೂ ತಿಳಿಯುತ್ತಿತ್ತು. ದೀಪ ನಿಂತದ್ದೇ ಸಾಕೆಂದು ಬಿಟ್ಟೆ.

ಭಾನುವಾರ ಬೆಳಿಗ್ಗೆ: ಮೊದಲನೆಯ ಗಂಟು

ಬ್ರೌಸರಿನಲ್ಲಿ 192.168.0.1 ಒತ್ತಿ ರೂಟರಿನ ಸೆಟ್ಟಿಂಗ್ ಪುಟ ತೆರೆದೆ. ಒಂದು ಬಾರಿಗೆ ಒಂದೇ ಬದಲಾವಣೆ, ಮಾಡಿದ್ದನ್ನು ಕಾಗದದಲ್ಲಿ ಬರೆದಿಡುವುದು ಎಂದು ನನಗೆ ನಾನೇ ಷರತ್ತು ಹಾಕಿಕೊಂಡೆ. ನಾಲ್ಕು ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಸರಿಹೋಗದಿದ್ದರೆ ಮೊದಲಿದ್ದ ಸ್ಥಿತಿಗೆ ಮರಳುವ ದಾರಿಯೂ ಮರೆತುಹೋಗಿರುತ್ತದೆ.

ಹೊಸ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸಿ, ಯಾರನ್ನು ಎಲ್ಲಿಗೆ ಕಳುಹಿಸಬೇಕೆಂದು ತಾನೇ ನಿರ್ಧರಿಸುತ್ತಿತ್ತು. ಮೊದಲು ಇದನ್ನು ಬೇರ್ಪಡಿಸಿದೆ. ಇಲ್ಲಿ ಒಂದು ಉಪಾಯ: ಪ್ರಿಂಟರ್‌ಗೆ ಗೊತ್ತಿರುವ ಹಳೆಯ ಹೆಸರನ್ನು 2.4ಕ್ಕೇ ಉಳಿಸಿ, ಹೊಸ ಹೆಸರನ್ನು 5ಕ್ಕೆ ಕೊಡಬೇಕು. ಇಲ್ಲದಿದ್ದರೆ ಮತ್ತೆ ಆ ಬಾಣದ ಗುಂಡಿಗಳ ಮೆರವಣಿಗೆ. 5ಕ್ಕೆ ಕನ್ನಡದಲ್ಲೇ ‘ನಮ್ಮನೆ’ ಎಂದು ಹೆಸರಿಟ್ಟೆ. ಹಿಂದೊಮ್ಮೆ ಹಳೆಯ ರೂಟರ್‌ಗೆ ಕನ್ನಡದ ಹೆಸರಿಟ್ಟು, ಪ್ರಿಂಟರಿನ ಪರದೆಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡು ಬಿಟ್ಟುಬಿಟ್ಟಿದ್ದೆ. ವೈಫೈ ಹೆಸರಿಗೆ 32 ಬೈಟ್ ಮಿತಿ. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರವೂ ಒಂದೊಂದು ಕೊಂಬು, ಏತ್ವ, ಒತ್ತಿನ ಗುರುತೂ ಮೂರು ಬೈಟ್ ತಿನ್ನುತ್ತದೆ. ‘ನಮ್ಮನೆ’ಗೇ 18 ಬೈಟ್ ಖರ್ಚು. ಉದ್ದದ ಹೆಸರಿಡುವ ಆಸೆ ಬೇಡ.

ಬೇರ್ಪಡಿಸಿ ಪ್ರಿಂಟರ್ ಆನ್ ಮಾಡಿದೆ. ಮಿಣುಕು ನಿಲ್ಲಲಿಲ್ಲ.

ಎರಡನೆಯ ಬದಲಾವಣೆ ಭದ್ರತೆಯದು. ವರದಿ ಬೆರಳು ತೋರಿಸಿದ್ದೂ ಅಲ್ಲಿಗೇ. ರೂಟರಿನಲ್ಲಿ ‘ಡಬ್ಲ್ಯೂಪಿಎ2/ಡಬ್ಲ್ಯೂಪಿಎ3’ ಎಂಬ ಮಿಶ್ರ ವಿಧಾನ ಆಯ್ಕೆಯಾಗಿತ್ತು. ಇವೆರಡೂ ವೈಫೈಗೆ ಬೀಗ ಹಾಕುವ ಪದ್ಧತಿಗಳು. ಡಬ್ಲ್ಯೂಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯೂಪಿಎ3 ಬಂದದ್ದು 2018ರಲ್ಲಿ. ನನ್ನ ಪ್ರಿಂಟರ್ ಹುಟ್ಟಿದ್ದು ಹಳೆಯದರ ಕಾಲದ ತಿಳಿವಳಿಕೆಯಲ್ಲಿ. ಮಿಶ್ರ ವಿಧಾನದಲ್ಲಿ ಹೊಸಬರಿಗೆ ಹೊಸದು, ಹಳಬರಿಗೆ ಹಳೆಯದು ಸಿಗಬೇಕು ಎನ್ನುವುದು ಲೆಕ್ಕ. ಆದರೆ ರೂಟರ್ ತನ್ನ ಜಾಹೀರಾತಿನಲ್ಲಿ ಎರಡೂ ಹೆಸರನ್ನು ಒಟ್ಟಿಗೆ ಸಾರುತ್ತದೆ. ಜೊತೆಗೆ ನಿರ್ವಹಣಾ ಸಂದೇಶಗಳಿಗೂ ರಕ್ಷಣೆ ಕೊಡಬಲ್ಲೆ ಎನ್ನುತ್ತದೆ. ಇದನ್ನು ಕೇಳಿ ಗಲಿಬಿಲಿಗೊಂಡು ಹಿಂದೆ ಸರಿಯುವ ಹಳೆಯ ಯಂತ್ರಗಳು ಇವೆ. ಅದಕ್ಕೆ ಪಾಸ್‌ವರ್ಡ್ ಸರಿಯಿದ್ದರೂ ‘ವಿಫಲ’.

ಆ ಸತ್ತ ಡಬ್ಲ್ಯೂಪಿಎಸ್ ಗುಂಡಿಯ ಗುಟ್ಟೂ ಇದೇ. ಡಬ್ಲ್ಯೂಪಿಎ3 ಮತ್ತು ಡಬ್ಲ್ಯೂಪಿಎಸ್ ಒಟ್ಟಿಗೆ ಬಾಳುವುದಿಲ್ಲ. ಒಂದನ್ನು ಆನ್ ಮಾಡಿದರೆ ನನ್ನ ರೂಟರ್ ಇನ್ನೊಂದನ್ನು ಸದ್ದಿಲ್ಲದೆ ಆಫ್ ಮಾಡುತ್ತದೆ.

2.4ನ್ನು ಮಾತ್ರ ಡಬ್ಲ್ಯೂಪಿಎ2, ಎಇಎಸ್ (ಇದು ಗೂಢಲಿಪಿಯ ವಿಧಾನ) ಎಂದು ಬದಲಾಯಿಸಿ ಉಳಿಸಿದೆ. ಪ್ರಿಂಟರ್ ಮುಟ್ಟಲೂ ಇಲ್ಲ. ಅರ್ಧ ನಿಮಿಷದಲ್ಲಿ ದೀಪ ನಿಂತಿತು.

ಭದ್ರತೆ ಇಳಿಸಿದ್ದು ಸರಿಯೇ ಎಂದು ಕೇಳುವವರಿಗೆ ನನ್ನ ಉತ್ತರ: ಉದ್ದವಾದ, ಊಹಿಸಲಾಗದ ಪಾಸ್‌ವರ್ಡ್ ಇದ್ದರೆ ಮನೆಯ ಮಟ್ಟಿಗೆ ಡಬ್ಲ್ಯೂಪಿಎ2 ಸಾಕು. ಮೊಬೈಲ್, ಲ್ಯಾಪ್‌ಟಾಪ್‌ಗಳೆಲ್ಲ 5ರಲ್ಲಿ ಡಬ್ಲ್ಯೂಪಿಎ3ರಲ್ಲೇ ಇವೆ. ಪಟ್ಟಿಯಲ್ಲಿ ಟಿಕೆಐಪಿ ಎಂಬ ಇನ್ನೂ ಹಳೆಯ ಆಯ್ಕೆ ಕಂಡರೆ ಅದನ್ನು ಮಾತ್ರ ಮುಟ್ಟಬೇಡಿ, ಪ್ರಿಂಟರ್ ಎಷ್ಟೇ ಗೋಗರೆದರೂ.

ದೀಪ ನಿಂತಿದೆ, ಆದರೆ

ಗೆದ್ದೆನೆಂದು ಲ್ಯಾಪ್‌ಟಾಪಿನಿಂದ ಒಂದು ಪುಟ ಕಳುಹಿಸಿದೆ. ‘ಪ್ರಿಂಟರ್ ಆಫ್‌ಲೈನ್’ ಎಂದು ಬಂತು. ಮತ್ತೊಮ್ಮೆ ಕಳುಹಿಸಿದೆ. ಮತ್ತೊಮ್ಮೆ.

ಇಲ್ಲಿಂದ ಮಧ್ಯಾಹ್ನದವರೆಗೆ ಮಾಡಿದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಮತ್ತೆ ಭದ್ರತೆಯ ಸೆಟ್ಟಿಂಗನ್ನು ಹಿಂದೆ ಮುಂದೆ ಮಾಡಿದೆ. ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ಹಿಂದಿನ ಸಂಜೆ ಅದೇ ಡ್ರೈವರ್ ಕೇಬಲಿನಲ್ಲಿ ಅರ್ಜಿ ಮುದ್ರಿಸಿತ್ತು. ಮುದ್ರಣಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ ಶುರು ಮಾಡಿದೆ. ಪಟ್ಟಿಯಲ್ಲಿ ಒಂದೇ ಪ್ರಿಂಟರಿನ ಮೂರು ಪ್ರತಿಗಳು ಹುಟ್ಟಿಕೊಂಡವು, ಮೂರರ ಮುಖವೂ ಬೂದು ಬಣ್ಣ.

ಗೊಂದಲ ಹೆಚ್ಚಿಸಿದ್ದು ಮೊಬೈಲ್. ಅದರಲ್ಲಿ ಮುದ್ರಿಸು ಎಂದು ಒತ್ತಿದರೆ ಪಟ್ಟಿಯಲ್ಲಿ ಪ್ರಿಂಟರಿನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಆಯ್ದರೆ ಚಕ್ರ ತಿರುಗುತ್ತ ತಿರುಗುತ್ತ ಕೊನೆಗೆ ಆಗದು ಎನ್ನುತ್ತಿತ್ತು. ಕಾಣುತ್ತದೆ, ಸಿಗುವುದಿಲ್ಲ. ಅತಿಥಿ ನೆಟ್‌ವರ್ಕ್‌ಗಳಲ್ಲಿ ಒಂದು ಸಾಧನ ಇನ್ನೊಂದನ್ನು ಮುಟ್ಟದಂತೆ ತಡೆಯುವ ಪ್ರತ್ಯೇಕಿಸುವಿಕೆ ಇರುತ್ತದೆ. ಅದೇ ಇರಬಹುದೆಂದು ರೂಟರಿನಲ್ಲಿ ಹುಡುಕಿದೆ. ಆಫ್ ಆಗಿಯೇ ಇತ್ತು. ಅಲ್ಲೇ ಇನ್ನೊಂದು ವಿಚಿತ್ರ ಕಂಡಿತು. ವೈಫೈಗೆ ಸೇರಿದವರ ಪಟ್ಟಿಯಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸ (ತಯಾರಾಗುವಾಗಲೇ ಯಂತ್ರಕ್ಕೆ ಕೊಟ್ಟ ಗುರುತು) ಇದೆ. ರೂಟರ್ ಐಪಿ ವಿಳಾಸ (ಜಾಲದೊಳಗಿನ ಮನೆ ವಿಳಾಸ) ಹಂಚಿದವರ ಪಟ್ಟಿಯಲ್ಲಿ ಇಲ್ಲ. ಮನೆಯೊಳಗೆ ಬಂದಿದೆ, ಆದರೆ ಕೋಣೆಯ ಬೀಗದ ಕೈ ಕೇಳಿಲ್ಲ.

ಕೊನೆಗೆ ಪಿಂಗ್ ಮಾಡೋಣ, ಅಂದರೆ ಆ ವಿಳಾಸಕ್ಕೆ ಕೂಗಿ ಉತ್ತರ ಬರುತ್ತದೆಯೇ ನೋಡೋಣವೆಂದು ಹೊಸದಾಗಿ ವರದಿಯ ಹಾಳೆ ಮುದ್ರಿಸಿಕೊಂಡೆ. ಈಗ ಎಲ್ಲ ಸಾಲುಗಳೂ ‘ಸರಿ’. ಕೆಳಗೆ ಐಪಿ ವಿಳಾಸವೂ ಇತ್ತು. ಅದನ್ನು ನೋಡಿ ನೋಡಿ ಒತ್ತತೊಡಗಿದೆ: 192, 168, ಅಭ್ಯಾಸಬಲದಿಂದ ಸೊನ್ನೆ, ಮತ್ತೆ ಹಾಳೆ ನೋಡಿದರೆ ಅಲ್ಲಿ ಸೊನ್ನೆಯಿಲ್ಲ. 192.168.1.50. ಬೆರಳು ಅಲ್ಲೇ ನಿಂತಿತು. ಬೆಳಿಗ್ಗೆಯಿಂದ ಹತ್ತು ಸಲ ರೂಟರಿನ ಪುಟ ತೆರೆಯಲು 192.168.0.1 ಒತ್ತಿದ್ದೆ. ಹಾಳೆಯಲ್ಲಿ ಅದರ ಮುಂದಿನ ಸಾಲು: ವಿಳಾಸ ಪಡೆದ ರೀತಿ, ‘ಕೈಯಿಂದ ಕೊಟ್ಟದ್ದು’.

ಯಾರ ಕೈಯಿಂದ? ನನ್ನದೇ.

ಎರಡನೆಯ ಗಂಟು ಹಾಕಿದವನು

ಕೆಲವು ವರ್ಷಗಳ ಹಿಂದೆ, ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ ಆಫ್‌ಲೈನ್ ಆಗುತ್ತಿತ್ತು. ರೂಟರ್ ಡಿಎಚ್‌ಸಿಪಿ ಮೂಲಕ ಪ್ರತಿ ಸಾಧನಕ್ಕೂ ವಿಳಾಸ ಕೊಡುವುದು ಬಾಡಿಗೆಯ ಲೆಕ್ಕದಲ್ಲಿ. ಎಲ್ಲವೂ ಆರಿ ಎದ್ದಾಗ ಪ್ರಿಂಟರ್‌ಗೆ ಬೇರೆ ವಿಳಾಸ ಸಿಗುತ್ತಿತ್ತು, ಕಂಪ್ಯೂಟರ್ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿತ್ತು. ಅದಕ್ಕೆ ನಾನು ಪ್ರಿಂಟರಿನೊಳಗೇ 192.168.1.50 ಎಂದು ಕೆತ್ತಿಬಿಟ್ಟೆ. ಕಾಟ ತಪ್ಪಿತು, ನಾನು ಮರೆತೆ. ಆಗಿನ ರೂಟರ್ 192.168.1.1. ಈಗಿನದು 192.168.0.1.

ಮನೆಯ ಜಾಲದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕೆಗಳು ಬೀದಿ, ಕೊನೆಯದು ಮನೆ ನಂಬರು. ಸಬ್‌ನೆಟ್ ಮಾಸ್ಕ್ 255.255.255.0 ಹೇಳುವುದು ಅದನ್ನೇ. ಎಲ್ಲರೂ ಸೊನ್ನೆಯ ಬೀದಿಗೆ ಮನೆ ಬದಲಾಯಿಸಿದ್ದಾರೆ, ಪ್ರಿಂಟರ್ ಒಂದನೆಯ ಬೀದಿಯ ವಿಳಾಸ ಹಿಡಿದು ಅಂಗಳದಲ್ಲಿ ನಿಂತಿದೆ. ಲ್ಯಾಪ್‌ಟಾಪ್‌ಗೆ 192.168.1.50 ಬೇರೆ ಬೀದಿಯದು. ಹಾಗಾಗಿ ಅದು ಪುಟವನ್ನು ನೇರವಾಗಿ ಕೊಡದೆ ರೂಟರಿನ ಕೈಗಿಡುತ್ತದೆ. ರೂಟರ್‌ಗೆ ಅಂಥ ಬೀದಿಯೇ ಗೊತ್ತಿಲ್ಲ. ಅದು ಹೊರಗಿನ ಇಂಟರ್‌ನೆಟ್ ಕಡೆಗೆ ತಳ್ಳಿದರೂ 192.168ರಿಂದ ಶುರುವಾಗುವವು 1996ರ ಒಪ್ಪಂದದಂತೆ ಖಾಸಗಿ ವಿಳಾಸಗಳು, ಹೊರಗೆ ಅವಕ್ಕೆ ಅರ್ಥವಿಲ್ಲ. ಪುಟ ಎಲ್ಲೋ ಕಳೆದುಹೋಗುತ್ತದೆ.

ಹಾಗಾದರೆ ಮೊಬೈಲಿನಲ್ಲಿ ಹೆಸರು ಹೇಗೆ ಕಂಡಿತು? ಪ್ರಿಂಟರ್ ಹುಡುಕುವ ಎಂಡಿಎನ್ಎಸ್ ವಿಧಾನ ವಿಳಾಸ ನೋಡಿ ಮಾತಾಡುವುದಿಲ್ಲ. 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ’ ಎಂದು ಅಂಗಳದಲ್ಲಿ ನಿಂತು ಕೂಗುತ್ತದೆ. ಒಂದೇ ವೈಫೈನಲ್ಲಿರುವ ಎಲ್ಲರಿಗೂ ಕೂಗು ಕೇಳಿಸುತ್ತದೆ, ಬೀದಿ ಯಾವುದೇ ಇರಲಿ. ಪ್ರಿಂಟರ್ ‘ಇದ್ದೇನೆ, ನನ್ನ ವಿಳಾಸ 192.168.1.50’ ಎಂದು ತಿರುಗಿ ಕೂಗುತ್ತದೆ. ಹೆಸರು ಬಂತು. ಆಮೇಲೆ ಪುಟ ಕೊಡಲು ಆ ವಿಳಾಸ ಹುಡುಕಿಕೊಂಡು ಹೋದರೆ ದಾರಿಯಿಲ್ಲ. ಐಪಿ ಆರನೆಯ ಆವೃತ್ತಿ ಆನ್ ಆಗಿದ್ದರೆ ಅದರ ಮೂಲಕವಾದರೂ ದಾಟಬಹುದಿತ್ತೇನೋ; ನನ್ನ ಪ್ರಿಂಟರಿನಲ್ಲಿ ಅದು ಆಫ್. ಮೊಬೈಲಿನಲ್ಲಿ ಹೆಸರು ಕಂಡೂ ಮುದ್ರಣ ಹೋಗದಿದ್ದರೆ ಇನ್ನು ಮುಂದೆ ನಾನು ಮೊದಲು ನೋಡುವುದು ವಿಳಾಸದ ಮೂರನೆಯ ಅಂಕೆಯನ್ನು.

ವರದಿಯಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಕಥೆ ಬೇರೆ. ಯಾರೂ ವಿಳಾಸ ಕೊಡಲಿಲ್ಲವೆಂದು ಯಂತ್ರ ತಾನೇ ಒಂದನ್ನು ಆರಿಸಿಕೊಂಡಿದೆ ಎಂದರ್ಥ. ಆಗ ಹುಡುಕಬೇಕಾದದ್ದು ರೂಟರಿನ ಡಿಎಚ್‌ಸಿಪಿಯಲ್ಲಿ.

ಬಿಚ್ಚಿದ್ದು

ಎರಡು ದಾರಿಗಳಿದ್ದವು. ರೂಟರಿನ ಸ್ವಂತ ವಿಳಾಸವನ್ನೇ 192.168.1.1ಕ್ಕೆ ಬದಲಾಯಿಸಿದರೆ ಇಡೀ ಮನೆ ಪ್ರಿಂಟರಿನ ಬೀದಿಗೆ ಹೋಗುತ್ತದೆ. ಎರಡು ನಿಮಿಷದ ಕೆಲಸ. ಆದರೆ ಮುಂದೊಂದು ದಿನ ರೂಟರ್ ಅದೇ 50ನ್ನು ಯಾವುದಾದರೂ ಮೊಬೈಲ್‌ಗೆ ಕೊಟ್ಟರೆ ಜಗಳ ಶುರು. ಅಲ್ಲದೆ ಮುಂದಿನ ರೂಟರ್ ಬಂದಾಗ ನಾನು ಇದನ್ನೂ ಮರೆತಿರುತ್ತೇನೆ. ನನ್ನ ಮರೆವಿನ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ.

ಹಾಗಾಗಿ ಪ್ರಿಂಟರಿನ ಮೆನುವಿನಲ್ಲಿ ಐಪಿ ಸೆಟ್ಟಿಂಗನ್ನು ‘ಕೈಯಿಂದ’ ಎನ್ನುವುದರಿಂದ ‘ತಾನಾಗಿ’ ಎನ್ನುವುದಕ್ಕೆ ಬದಲಾಯಿಸಿದೆ. ಅಲ್ಲೇ ಕೆಳಗೆ ‘ನೆಟ್‌ವರ್ಕ್ ಮೂಲ ಸ್ಥಿತಿಗೆ’ ಎಂಬ ಆಯ್ಕೆಯೂ ಇತ್ತು. ಅದನ್ನು ಒತ್ತಿದ್ದರೂ ವಿಳಾಸ ಅಳಿಸಿಹೋಗುತ್ತಿತ್ತು, ಜೊತೆಗೆ ಪಾಸ್‌ವರ್ಡೂ. ಹದಿನಾರು ಅಕ್ಷರ ನೆನೆದು ಕೈ ಹಿಂದಕ್ಕೆ ತೆಗೆದೆ. ಪರದೆಯೇ ಇಲ್ಲದ ಪ್ರಿಂಟರ್ ಆದರೆ ಇನ್ನೊಂದು ಉಪಾಯವಿದೆ: ಲ್ಯಾಪ್‌ಟಾಪ್‌ಗೆ ತಾತ್ಕಾಲಿಕವಾಗಿ 192.168.1.20 ಎಂಬಂಥ ವಿಳಾಸ ಕೊಟ್ಟು ಅದೇ ಬೀದಿಗೆ ಕರೆದೊಯ್ಯುವುದು, ಬ್ರೌಸರಿನಲ್ಲಿ ಪ್ರಿಂಟರಿನ ವಿಳಾಸ ಒತ್ತಿ ಅದರ ಸ್ವಂತ ಸೆಟ್ಟಿಂಗ್ ಪುಟದಲ್ಲಿ ಬದಲಾಯಿಸುವುದು, ಆಮೇಲೆ ಲ್ಯಾಪ್‌ಟಾಪನ್ನು ಮನೆಗೆ ಮರಳಿ ತರುವುದು.

ಪ್ರಿಂಟರ್ 192.168.0.107 ಪಡೆಯಿತು. ಈಗ ವಿಳಾಸ ಹಂಚಿದವರ ಪಟ್ಟಿಯಲ್ಲೂ ಅದರ ಹೆಸರು ಬಂತು. ರೂಟರಿನ ವಿಳಾಸ ಕಾಯ್ದಿರಿಸುವ ಪುಟದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ 192.168.0.50 ಎಂದು ಬರೆದು, ಪ್ರಿಂಟರನ್ನು ಆರಿಸಿ ಹಚ್ಚಿದೆ. ಪರಿಣಾಮ ಹಿಂದಿನ ಕೆತ್ತನೆಯದ್ದೇ, ವಿಳಾಸ ಎಂದೂ ಬದಲಾಗುವುದಿಲ್ಲ. ಆದರೆ ಗಂಟು ಈಗ ರೂಟರಿನಲ್ಲಿದೆ; ರೂಟರ್ ಹೋದರೆ ಅದರ ಜೊತೆಗೇ ಹೋಗುತ್ತದೆ.

ಉಳಿದದ್ದು ವಿಂಡೋಸ್. ಮೂರು ಬೂದು ಪ್ರತಿಗಳಲ್ಲಿ ಎರಡನ್ನು ಅಳಿಸಿದೆ. ಉಳಿದ ಹಳೆಯದರ ಪ್ರಾಪರ್ಟೀಸ್ ತೆರೆದು ಪುಟ ಎಲ್ಲಿಗೆ ಕಳುಹಿಸಬೇಕೆಂದು ಹೇಳುವ ಪೋರ್ಟ್ಸ್ ವಿಭಾಗ ನೋಡಿದರೆ ಅದು ಇನ್ನೂ 192.168.1.50ರತ್ತಲೇ ಮುಖ ಮಾಡಿತ್ತು. ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಒಂದನ್ನು ಹೊಸ ವಿಳಾಸಕ್ಕೆ ಸೇರಿಸಿದೆ, ಪೋರ್ಟ್ ಸಂಖ್ಯೆ 9100. ಡಬ್ಲ್ಯೂಎಸ್‌ಡಿ ಎಂಬ ಇನ್ನೊಂದು ಬಗೆಯ ಪೋರ್ಟನ್ನು ವಿಂಡೋಸ್ ತಾನಾಗಿ ಮಾಡಿಕೊಳ್ಳುವುದುಂಟು. ನನ್ನ ಅನುಭವದಲ್ಲಿ ಅದು ಮನಸ್ಸು ಬಂದಂತೆ ಮಲಗಿ ಏಳುತ್ತದೆ, ನಾನು ಬಳಸುವುದಿಲ್ಲ. ಇಷ್ಟಾಗಿಯೂ ‘ಆಫ್‌ಲೈನ್’ ಎಂದರೆ ಅದೇ ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಸ್ಥಿತಿ ಎಂಬ ಗುರುತನ್ನು ತೆಗೆದು ನೋಡಬೇಕು. ಅದು ಪ್ರಿಂಟರಿನ ಸ್ಥಿತಿ ಏನೆಂದು ವಿಂಡೋಸ್ ಕೇಳುವ ಪ್ರಶ್ನೆ; ಅದಕ್ಕೆ ಪ್ರಿಂಟರ್ ಉತ್ತರಿಸದಿದ್ದರೆ ವಿಂಡೋಸ್ ಅದು ಸತ್ತಿದೆ ಎಂದುಕೊಳ್ಳುತ್ತದೆ. ನನಗೆ ಅದರ ಅಗತ್ಯ ಬರಲಿಲ್ಲ.

ಪ್ರಿಂಟರಿನ ಬೆನ್ನಿಗೆ ಒಂದು ಚೀಟಿ ಅಂಟಿಸಿದೆ: ‘2.4 ಮಾತ್ರ. ಡಬ್ಲ್ಯೂಪಿಎ2. ವಿಳಾಸ ರೂಟರಿನಲ್ಲಿ ಕಾಯ್ದಿರಿಸಿದೆ, ಇಲ್ಲಿ ಬರೆಯಬೇಡ.’ ಚೀಟಿ ಇನ್ನೂ ಸರಿಯಾಗಿ ಅಂಟಿರಲಿಲ್ಲ, ಪ್ರಿಂಟರ್ ಗಂಟಲು ಸರಿಮಾಡಿಕೊಳ್ಳುವ ಸದ್ದು ಮಾಡಿ ಒಂದು ಕಾಗದ ಎಳೆದುಕೊಂಡಿತು. ನಾನು ಏನೂ ಕಳುಹಿಸಿರಲಿಲ್ಲ. ಹೊರಬಂದದ್ದು ಅರ್ಜಿ, ನಿನ್ನೆ ಕೇಬಲ್ ಹಾಕುವ ಮುನ್ನ ಕಳುಹಿಸಿದ್ದು. ಅದರ ಹಿಂದೆ ಇನ್ನೊಂದು ಅರ್ಜಿ. ಆಮೇಲೆ ಪರೀಕ್ಷಾ ಪುಟ, ಆಮೇಲೆ ಮತ್ತೆ ಅರ್ಜಿ. ಎರಡು ದಿನ ನಾನು ಒತ್ತಿದ್ದೆಲ್ಲ ಸಾಲಿನಲ್ಲಿ ಕಾದು ನಿಂತಿತ್ತು. ಹನ್ನೊಂದು ಹಾಳೆ ಎಣಿಸುವಷ್ಟರಲ್ಲಿ ಟ್ರೇ ಖಾಲಿಯಾಗಿ, ಕಾಗದ ತುಂಬಿಸು ಎಂದು ಆ ಎರಡು ಸಾಲಿನ ಪರದೆ ಮಿಣುಕಿತು.